ಹಿಂದಿನ ಸೀಟಿನ ಗಾಳಿ

ಬಸ್ ಡಿಪೋದಲ್ಲಿ ಎಲ್ಲರೂ ಅವನನ್ನು ಗಾಜಣ್ಣ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಡ್ಯೂಟಿ ಬೋರ್ಡಿನ ಮೇಲೆ ಮಾತ್ರ ಉಳಿದಿತ್ತು. ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಮುಂದಿನ ದೊಡ್ಡ ಗಾಜನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟವನೇ ಅಲ್ಲ. ತೊಳೆಯುವವರು ಪೈಪು ಎಳೆದುಕೊಂಡು ಬಂದರೆ, "ಚಕ್ರ ತೊಳ್ಕೊಳ್ಳಿ, ಬಾಗಿಲು ತೊಳ್ಕೊಳ್ಳಿ, ಇದರ ತಂಟೆಗೆ ಮಾತ್ರ ಬರಬೇಡಿ" ಅಂತ ಗದರಿಸಿ, ಬಂಪರ್ ಮೇಲೆ ಹತ್ತಿ ನಿಂತು, ಮನೆಯಿಂದ ತಂದ ಮೆತ್ತನೆಯ ಬಟ್ಟೆಯಲ್ಲಿ ಕೂಸಿನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದ. ಹುಳುವಿನ ಒಂದು ಕಲೆ ಉಳಿದರೂ ಗೇರು ಹಾಕುತ್ತಿರಲಿಲ್ಲ. ಕಂಡಕ್ಟರು ಸೀಟಿ ಊದಿ ಊದಿ ಕೆನ್ನೆ ನೋಯಿಸಿಕೊಂಡು, "ಅಣ್ಣಾ, ಕಲೆ ಹೋದಮೇಲೆ ಹೇಳು, ಅಷ್ಟರಲ್ಲಿ ನಾನು ಮನೆಗೆ ಹೋಗಿ ಉಂಡು ಬರ್ತೀನಿ" ಅನ್ನುತ್ತಿದ್ದ.

ದೂರದ ರೂಟು ಅವನದು. ಬಯಲು ದಾಟಿ, ಗುಡ್ಡ ಹತ್ತಿ, ಆ ಬದಿಯ ಸಂತೆ ಊರಿಗೆ ಇಳಿದು, ಅಲ್ಲಿನ ಡಿಪೋದ ಕಬ್ಬಿಣದ ಮಂಚದ ಮೇಲೆ ಮಲಗಿ, ಮರುದಿನ ಅದೇ ದಾರಿಯಲ್ಲಿ ವಾಪಸ್ಸು. ಆ ಊರಿನಾಚೆ ಸ್ವಲ್ಪ ದೂರದಲ್ಲೇ ಸಮುದ್ರ. ಸಂಜೆ ಗಾಳಿ ತಿರುಗಿದರೆ ಉಪ್ಪಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆದರೆ ಬಸ್ಸಿನ ಬೋರ್ಡಿನಲ್ಲಿ ಸಮುದ್ರದ ಹೆಸರಿರಲಿಲ್ಲ. ಇಡೀ ನೌಕರಿ ಮುಗಿದರೂ ಅವನು ಅದನ್ನು ಕಂಡಿರಲಿಲ್ಲ.

ಹೆಂಡತಿ ಹೊಲಿಗೆಯವಳು. ಬೀದಿಗೆಲ್ಲ ದರ್ಜಿಯಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಬೆಳಕಿಗೆ ಎದುರಾಗಿ ಮೆಷಿನ್ನು, ಗೋಡೆಯುದ್ದಕ್ಕೂ ಶಾಲೆಯ ಯೂನಿಫಾರಂ ಬಟ್ಟೆಯ ಕಟ್ಟುಗಳು, ಬಾಗಿಲ ಹಿಂದೆ ಹೊಲಿದು ಮುಗಿಸಿದ ಅಂಗಿಗಳು. ಗಂಡ ದಿನ ಬಿಟ್ಟು ದಿನ ಬರುವ ನೆಂಟನಿದ್ದ ಹಾಗೆ. ಅವನು ಬಾರದ ದಿನ ಹೇಗೋ, ಬಂದ ದಿನವೂ ಆ ಮನೆ ಹಾಗೇ ನಡೆಯುತ್ತಿತ್ತು. ಮಕ್ಕಳಾಗಲಿಲ್ಲ. ಅದರ ಮಾತು ಒಂದು ಕಾಲಕ್ಕೆ ಬಹಳ ಆಡಿದರು, ಆಮೇಲೆ ಬಿಟ್ಟರು.

ನಿವೃತ್ತಿಯಾಗಿ ಮನೆಗೆ ಬಂದ ಮೊದಲ ವಾರವೇ ಗಾಜಣ್ಣನಿಗೆ ಒಂದು ಸಂಗತಿ ತಿಳಿದುಹೋಯಿತು. ಆ ಮನೆಯಲ್ಲಿ ಅವನು ಕೂರುವುದಕ್ಕೆ ಜಾಗವಿರಲಿಲ್ಲ. ಇದ್ದ ಒಂದು ಕುರ್ಚಿಯ ಮೇಲೆ ಕಾಲರಿನ ತುಂಡುಗಳು. ಮಂಚದ ಮೇಲೆ ಕೂತರೆ ಇಸ್ತ್ರಿಯ ಅಂಗಿ. ಬಾಗಿಲಲ್ಲಿ ನಿಂತರೆ ಅಳತೆ ಕೊಡಲು ಬಂದ ಹೆಂಗಸರಿಗೆ ನಾಚಿಕೆ. ಅವಳು ಏನೂ ಅಂದವಳಲ್ಲ. ಅವನೇ ಅಂಗಳಕ್ಕೂ ಅಡುಗೆಮನೆಗೂ ಅಲೆದಾಡುತ್ತಿದ್ದ. ತಾನು ಇಲ್ಲದೆ ಇಷ್ಟು ಚೆನ್ನಾಗಿ ನಡೆದ ಸಂಸಾರಕ್ಕೆ ಈಗ ತನ್ನಿಂದ ಏನಾಗಬೇಕು?

ಹೀಗಿರುವಾಗಲೇ ಒಂದು ದಿನ ಹಳೆಯ ದೊಡ್ಡ ಮೋಟಾರ್ ಸೈಕಲ್ಲೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ.

"ಇದ್ಯಾಕ್ರೀ?" ಅಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ.

"ನಿನ್ನನ್ನ ಕೂರಿಸ್ಕೊಂಡು ಹೋಗೋಕೆ ಕಣೇ. ಸಮುದ್ರ ತೋರಿಸ್ತೀನಿ."

"ನಿಮ್ಮ ಬಸ್ಸಿಗೆ ಟಿಕೆಟ್ ತಗೊಳ್ತೀನಿ ಅಂದಾಗಲೂ ಹತ್ತಿಸಲಿಲ್ಲ. ಈಗ ಇದರ ಮೇಲೆ ಕೂರಿಸ್ತಾರಂತೆ." ಬಾಯಲ್ಲಿ ಹಾಗಂದಳು. ಆದರೆ ಅಂದು ಸಂಜೆ ಗಿರಾಕಿಗಳ ಕೆಲಸ ನಿಲ್ಲಿಸಿ, ಯೂನಿಫಾರಂ ಬಟ್ಟೆಯ ಉಳಿಕೆಯಲ್ಲೇ ಹಿಂದಿನ ಸೀಟಿಗೆ ಹತ್ತಿ ತುಂಬಿದ ಒಂದು ಮೆತ್ತೆ ಹೊಲಿದಳು. ಅದನ್ನು ನೋಡಿ ಗಾಜಣ್ಣನ ಕಾಲು ನೆಲಕ್ಕೆ ತಾಗಲಿಲ್ಲ.

ಬೈಕಿಗೆ ಮುಂದೆ ಗಾಜಿರಲಿಲ್ಲ. ಬಯಲಿನಲ್ಲಿ ಒಂದು ಸುತ್ತು ಹೋಗಿ ಬಂದವನಿಗೆ ಮೈಮೇಲೆ ಬಟ್ಟೆಯಿಲ್ಲದೆ ಪೇಟೆಯಲ್ಲಿ ನಿಂತ ಹಾಗಾಯಿತು. ಎದೆಗೆ ಗಾಳಿ ಗುದ್ದುವುದು, ಕಣ್ಣಿಗೆ ದೂಳು, ಬಾಯಿ ತೆರೆದರೆ ಹುಳ. ಜೀವಮಾನವೆಲ್ಲ ಗಾಜಿನ ಹಿಂದೆ ಕೂತವನು, ಅದಿಲ್ಲದೆ ಸಮುದ್ರದ ತನಕ ಹೋಗುವುದು ಹೇಗೆ? ಮರುದಿನವೇ ಹೆಂಡತಿಯನ್ನು ಹತ್ತಿಸಿಕೊಂಡು ಟೈರ್ ಅಂಗಡಿಗಳ ಸಾಲಿನ ಕೊನೆಯಲ್ಲಿದ್ದ ವಿಂಡ್‌ಶೀಲ್ಡ್ ಅಂಗಡಿಗೆ ಹೋದ.

ಅಂಗಡಿಯ ಒಳಗೆ ತಂತಿಯಿಂದ ತೂಗುಬಿಟ್ಟ ವಿಂಡ್‌ಶೀಲ್ಡುಗಳು. ಗಿಡ್ಡವು, ಉದ್ದವು, ಹೊಗೆಬಣ್ಣದವು, ನೀರಿನಂತೆ ತಿಳಿಯಾದವು. ಗಾಜು ಅಂತ ಕರೆಯುವುದೇ ಹೊರತು ಎಲ್ಲವೂ ದಪ್ಪನೆಯ ಪ್ಲಾಸ್ಟಿಕ್ಕು. ಅಂಗಡಿಯವನು ದುಂಡನೆಯ ಆಳು, ಮಾತಿಗೆ ಬಡತನವಿಲ್ಲ. ಗಾಜಣ್ಣನನ್ನು ಬೈಕಿನ ಮೇಲೆ ಕೂರಿಸಿ, ಹೆಲ್ಮೆಟ್ ಹಾಕಿಸಿ, ಒಂದು ರಟ್ಟಿನ ಹಾಳೆಯನ್ನು ಮುಂದೆ ಹಿಡಿದ.

"ಮೇಲಿನ ಅಂಚು ನಿಮ್ಮ ಮೂಗಿನ ನೇರಕ್ಕೆ ಬರಬೇಕು ಯಜಮಾನ್ರೇ. ಗಾಜಿನ ಮೇಲಿಂದ ರಸ್ತೆ ನೋಡಬೇಕು, ಗಾಜಿನ ಒಳಗಿಂದಲ್ಲ."

"ನಾನು ಜೀವಮಾನ ಪೂರ್ತಿ ಒಳಗಿಂದಲೇ ನೋಡಿದೋನು."

"ಬಸ್ಸಲ್ಲಿ ವೈಪರ್ ಇರುತ್ತೆ. ಇಲ್ಲಿ ಮಳೆ ಬಂದ್ರೆ ನಿಮ್ಮ ಅಂಗಿ ತೋಳೇ ವೈಪರ್ರು." ಅಂಗಡಿಯವನು ನಕ್ಕು, ಬಾಗಿಲಲ್ಲಿ ನಿಂತಿದ್ದ ದರ್ಜಿಯಮ್ಮನ ಕಡೆ ತಿರುಗಿದ. "ಇಬ್ಬರೂ ಹೋಗೋದಾದ್ರೆ ಅಮ್ಮನೂ ಹತ್ತಿ ಕೂರಲಿ. ಒಂದೆರಡು ಗಾಜು ಹಾಕಿ ಕೊಡ್ತೀನಿ, ಹೈವೇ ತನಕ ಹೋಗಿ ಬನ್ನಿ. ಹಿಂದೆ ಕೂತವರದ್ದೂ ಒಂದು ಮಾತು ಕೇಳಬೇಕು."

ಅವಳು ಕೈಚೀಲವನ್ನು ಹೆಗಲಿಗೇರಿಸಿ ಎರಡು ಹೆಜ್ಜೆ ಮುಂದೆ ಬಂದಳು. ಗಾಜಣ್ಣ ಕೈ ಅಡ್ಡ ಹಿಡಿದ.

"ಅದೆಲ್ಲ ಬೇಡ. ಐವತ್ತು ಜನಾನ ಒಂದೇ ಗಾಜಿನ ಹಿಂದೆ ಕೂರಿಸ್ಕೊಂಡು ಗುಡ್ಡ ಹತ್ತಿಸಿದೋನು ನಾನು. ಕೊನೇ ಸೀಟಿನವನ ಕೂದಲೂ ಅಲ್ಲಾಡಿಲ್ಲ. ಇವಳೊಬ್ಬಳನ್ನ ಕಾಯೋಕೆ ಆಗಲ್ವಾ? ಎಲ್ಲಕ್ಕಿಂತ ಎತ್ತರದ್ದು ಯಾವುದಿದೆ, ಅದನ್ನೇ ಕೊಡಿ."

ಅಂಗಡಿಯವನು "ನಿಮ್ಮಿಷ್ಟ" ಅಂದು ಏಣಿ ಹತ್ತಿ ತಂತಿಯಿಂದ ಎತ್ತರದ್ದನ್ನು ಇಳಿಸಿದ. ಅವಳು ಹೋಗಿ ಮತ್ತೆ ಬಾಗಿಲಲ್ಲಿ ನಿಂತಳು.

ಆ ಗಾಜು ಬಂದ ಮೇಲೆ ಗಾಜಣ್ಣನಿಗೆ ಕಳೆದುಹೋದ ಮನೆ ಸಿಕ್ಕಿದ ಹಾಗಾಯಿತು. ಎದುರಿನ ಗಾಳಿಯೆಲ್ಲ ಗಾಜಿಗೆ ಬಡಿದು ಮೇಲಕ್ಕೆ ಹಾರಿಹೋಗುವುದು. ಒಳಗೆ ನಿಶ್ಶಬ್ದ. ಹೆಲ್ಮೆಟ್ಟಿನ ಮುಖಗಾಜನ್ನು ಮೇಲಕ್ಕೆತ್ತಿಕೊಂಡು, ಬಾಯಲ್ಲಿ ಯಾವುದೋ ಹಳೆಯ ರಾಗ ಗುನುಗಿಕೊಂಡು ಹೋಗಬಹುದಿತ್ತು. ಮೊದಲು ಕೆರೆಯಾಚೆಯ ಕಾಡಿನಂಚಿಗೆ ಹೋದರು. ಆಮೇಲೆ ಅಣೆಕಟ್ಟಿಗೆ. ಮೂರನೆಯ ಸಲ ಗುಡ್ಡದ ಬುಡದ ತನಕ. ದಾರಿಯುದ್ದಕ್ಕೂ ಅವನು ಬಾಯಿ ಮುಚ್ಚಲಿಲ್ಲ. ಇದು ನಾನು ಟೈರು ಬದಲಿಸಿದ ಜಾಗ, ಇಲ್ಲೊಂದು ಮದುವೆ ದಿಬ್ಬಣ ಬಸ್ಸು ಹತ್ತಿ ವರನನ್ನೇ ಕೆಳಗೆ ಬಿಟ್ಟು ಹೋಗಿತ್ತು, ಈ ತಿರುವಿನಲ್ಲಿ ಒಮ್ಮೆ ಬ್ರೇಕು ಕೈಕೊಟ್ಟಿತ್ತು. ಇಷ್ಟು ವರ್ಷ ಹೇಳಲು ಸಿಕ್ಕದೆ ಉಳಿದದ್ದೆಲ್ಲ ಹೊರಗೆ ಬಂತು. ಹಿಂದಿನಿಂದ ಅವಳು ಒಮ್ಮೊಮ್ಮೆ ಬೆನ್ನು ತಟ್ಟುತ್ತಿದ್ದಳು. ಅವನು ತಿರುಗದೆಯೇ ಅವಳ ಕೈಯನ್ನು ತಟ್ಟಿ, ಖುಷಿಗೆ ಇನ್ನಷ್ಟು ಆಕ್ಸಿಲರೇಟರ್ ತಿರುಗಿಸುತ್ತಿದ್ದ.

ಗುಡ್ಡದ ಬುಡದಿಂದ ಬಂದ ಮೇಲೆ ಅವನು ಅಂದ: "ಬರೋ ತಿಂಗಳು ಸಮುದ್ರ. ದಾರೀಲಿ ಒಂದು ರಾತ್ರಿ ತಂಗೋಣ. ನನ್ನ ಹಳೇ ಡಿಪೋ ತೋರಿಸ್ತೀನಿ."

"ನಾನು ಬರಲ್ಲ" ಅಂದಳು ಅವಳು.

"ಯಾಕೆ?"

"ಯೂನಿಫಾರಂ ಕೆಲಸ ಇದೆ."

"ಮುಗಿದಮೇಲೆ ಹೋಗೋಣ."

"ಮೊಣಕಾಲು ನೋವು."

"ಕೂತ್ಕೊಂಡು ಬರೋಕೆ ಮೊಣಕಾಲು ಯಾಕೆ ಬೇಕು?"

"ಬರಲ್ಲ ಅಂದ್ನಲ್ಲ, ನೀವೊಬ್ರೇ ಹೋಗಿ ಬನ್ನಿ" ಅಂತ ಅವಳು ಮೆಷಿನ್ನಿನ ಚಕ್ರಕ್ಕೆ ಕೈ ಹಾಕಿದಳು.

ಅಂದಿನಿಂದ ಮನೆಯ ಗಾಳಿಯೇ ಬದಲಾಯಿತು. ಅಡುಗೆಮನೆಯಿಂದ ಅವನು ಕೂಗಿದರೆ ಅವಳು ಓಗೊಡುತ್ತಿರಲಿಲ್ಲ. ಎಡಗಡೆ ನಿಂತು ಮಾತಾಡಿದರೆ ಗೋಡೆಗೆ ಹೇಳಿದ ಹಾಗೆ. ಬಲಗಡೆ ಬಂದು ನಿಂತಾಗ ಬೆಚ್ಚಿಬಿದ್ದು, "ಯಾವಾಗ ಬಂದ್ರಿ?" ಅನ್ನುವಳು. ರೇಡಿಯೊ ಹಚ್ಚಿದರೆ ಪಕ್ಕದ ಮನೆಯವರು ಗೋಡೆ ಬಡಿಯುವಷ್ಟು ಜೋರು. ಇದೆಲ್ಲ ತನ್ನ ಮೇಲಿನ ಮುನಿಸು ಅಂತಲೇ ಅವನು ತಿಳಿದ. ಊರೂರು ತಿರುಗುತ್ತ ತನ್ನನ್ನು ಬಿಟ್ಟುಹೋದವನ ಮೇಲೆ ಈಗ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡ. ಹಾಗಾದರೆ ಆ ಮೆತ್ತೆ ಯಾಕೆ ಹೊಲಿದಳು?

ಒಂದು ಮಧ್ಯಾಹ್ನ ಶಾಲೆಯ ಹೆಂಗಸೊಬ್ಬಳು ಬಂದು ಅಂಗಿಗಳ ಕಟ್ಟನ್ನು ಮೇಜಿನ ಮೇಲೆ ಇಟ್ಟಳು. "ದರ್ಜಿಯಮ್ಮಾ, ಇದೇನು? ತೋಳು ಹಿಡಿದು ಎಳೆದ್ರೆ ತೋಳೇ ಕೈಗೆ ಬಂತು." ನೋಡಿದರೆ ಹೊಲಿಗೆಗೆ ಕೆಳಗಿನ ದಾರವೇ ಇರಲಿಲ್ಲ. ಬಾಬಿನ್ನಿನ ದಾರ ಮುಗಿದು, ಬರಿಯ ಮೇಲಿನ ದಾರದಲ್ಲೇ ಉದ್ದಕ್ಕೂ ಮೆಷಿನ್ನು ಓಡಿದೆ. ಹೊಸದಾಗಿ ಕಲಿಯುವವರು ಮಾಡುವ ತಪ್ಪು. ಬಾಬಿನ್ನು ಖಾಲಿಯಾಗುವಾಗ ಮೆಷಿನ್ನಿನ ಸದ್ದು ಒಂದು ಎಳೆಯಷ್ಟು ಬದಲಾಗುತ್ತದೆ, ಆ ಸದ್ದು ಕೇಳಿದೊಡನೆ ಅವಳ ಕಾಲು ತಾನಾಗಿ ನಿಲ್ಲುತ್ತಿತ್ತು. ಹೆಂಗಸು ಹೋದ ಮೇಲೆ ಅವಳು ಆ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಗಾಜಣ್ಣ ಬಾಗಿಲಲ್ಲಿ ನಿಂತು, "ಮನಸ್ಸು ಎಲ್ಲಿಟ್ಟಿದ್ದೆ?" ಅಂದ. ಸಮಾಧಾನಕ್ಕೆಂದು ಹೇಳಿದ ಮಾತು ಬಾಣದ ಹಾಗೆ ಬಿತ್ತು. ಅವಳು ಎದ್ದು ಒಳಗೆ ಹೋದಳು.

ಆ ವಾರದಲ್ಲೇ ಅವನಿಗೆ ಕಣ್ಣಿನ ಪರೀಕ್ಷೆ ಇತ್ತು. ಬೈಕಿನಲ್ಲೇ ಹೋದ. ವೈದ್ಯರು ಕಣ್ಣಿಗೆ ಹನಿ ಹಾಕಿ, ಸಂಜೆ ತನಕ ಎಲ್ಲ ಮಂಜು ಮಂಜು, ಗಾಡಿ ಮುಟ್ಟಬೇಡಿ ಅಂದರು. ಅವನು ಹೆಂಡತಿಯ ತಮ್ಮನಿಗೆ ಫೋನು ಮಾಡಿದ. ಭಾಮೈದ ತರಕಾರಿ ಮಂಡಿಯಲ್ಲಿ ಲಾರಿ ಇಳಿಸುವ ಮೇಸ್ತ್ರಿ. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಆಟೊ ಹತ್ತಿ ಬಂದವನೇ ಕೀ ಕಸಿದುಕೊಂಡ.

"ಹತ್ತಿ ಭಾವ. ಇವತ್ತು ನೀವು ಪ್ಯಾಸೆಂಜರು. ಟಿಕೆಟ್ ಇದೆಯಾ?"

ಗಾಜಣ್ಣ ಹತ್ತಿದ. ಆ ಬೈಕಿನ ಹಿಂದಿನ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಆ ಬೈಕು ಒಂದೇ ಅಲ್ಲ, ಯಾವ ಗಾಡಿಯಲ್ಲೂ ಹಿಂದೆ ಕೂರುವುದು ಅವನಿಗೆ ಆಗದ ಮಾತು. ಬೇರೆಯವರ ಬಸ್ಸು ಹತ್ತಿದರೂ ಡ್ರೈವರಿನ ಪಕ್ಕ ನಿಂತೇ ಹೋಗುವ ಜಾತಿ. ಮೆತ್ತೆ ಹಿತವಾಗಿತ್ತು. ಪೇಟೆಯೊಳಗೆ ಏನೂ ಅನ್ನಿಸಲಿಲ್ಲ. ಹೊರವರ್ತುಲ ರಸ್ತೆಗೆ ಬಿದ್ದು ಭಾಮೈದ ವೇಗ ಏರಿಸಿದ.

ಮೊದಲು ಹೆಲ್ಮೆಟ್ಟಿನ ಮೇಲೆ ಯಾರೋ ಬೆರಳಲ್ಲಿ ಕುಟ್ಟಿದ ಹಾಗಾಯಿತು. ಆಮೇಲೆ ಅಂಗೈಯಲ್ಲಿ ಬಡಿದ ಹಾಗೆ. ಆಮೇಲೆ ತಗಡಿನ ಡಬ್ಬದೊಳಗೆ ತಲೆ ತೂರಿಸಿ ಹೊರಗಿನಿಂದ ದೊಣ್ಣೆಯಲ್ಲಿ ಬಾರಿಸಿದ ಹಾಗೆ. ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿತು, ಹಲ್ಲಿಗೆ ಹಲ್ಲು ತಾಗಿತು, ಎಡಗಿವಿಯಲ್ಲಿ ರೊಂಯ್ಯೆಂದು ಒಂದು ಬಿರುಗಾಳಿ ಹೊಕ್ಕು ಹೊರಗೆ ಬರಲು ದಾರಿ ಕಾಣದೆ ಒದ್ದಾಡಿತು. ಎದುರಿನ ಗಾಜು ಎತ್ತಿ ಎಸೆದ ಗಾಳಿಯೆಲ್ಲ ಭಾಮೈದನ ತಲೆಯನ್ನು ಹಾರಿ ಬಂದು ನೆಟ್ಟಗೆ ಇವನ ಮುಖದ ಮೇಲೆ ಬೀಳುತ್ತಿತ್ತು.

"ನಿಧಾನ!" ಅಂತ ಕೂಗಿದ. ತನ್ನ ದನಿ ತನಗೇ ಕೇಳಿಸಲಿಲ್ಲ. ಮುಂದೆ ಕೂತವನು ಆರಾಮಾಗಿ ತಲೆ ಆಡಿಸುತ್ತ ಹಾಡಿಕೊಳ್ಳುತ್ತಿದ್ದ. ಗಾಜಣ್ಣ ಅವನ ಬೆನ್ನು ತಟ್ಟಿದ. ಭಾಮೈದ ತಿರುಗದೆಯೇ ಇವನ ಮಂಡಿಯನ್ನು ತಟ್ಟಿ, ಮತ್ತಷ್ಟು ತಿರುಗಿಸಿದ.

ಆ ತಟ್ಟುವಿಕೆಗೆ ಗಾಜಣ್ಣ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಮುಂದೆ ಮನೆ ಬರುವ ತನಕ ಅವನು ಮತ್ತೆ ಕೂಗಲಿಲ್ಲ.

ಬಾಗಿಲಲ್ಲಿ ಇಳಿಸಿ ಭಾಮೈದ, "ಸೂಪರ್ ಗಾಜು ಭಾವ! ಒಂಚೂರೂ ಗಾಳಿ ಇಲ್ಲ. ಮಲ್ಕೊಂಡು ಓಡಿಸಬಹುದು" ಅಂದ. ಗಾಜಣ್ಣ ಹೆಲ್ಮೆಟ್ ತೆಗೆಯದೆ ಹಾಗೆಯೇ ಒಳಗೆ ನಡೆದ.

ಅವಳು ಅಂಗಿಯ ಗುಂಡಿಗೆ ಕಾಜಾ ಹಾಕುತ್ತಿದ್ದಳು. ಮಂಜುಗಣ್ಣಿನಲ್ಲಿ ಅವನಿಗೆ ಅವಳ ಆಕಾರ ಮಾತ್ರ ಕಂಡಿತು. ಕುರ್ಚಿಯ ಮೇಲಿನ ಕಾಲರುಗಳನ್ನು ಪಕ್ಕಕ್ಕೆ ಸರಿಸಿ ಅವಳ ಬಲಗಡೆ ಕೂತ.

"ಯಾಕೆ ಹೇಳಲಿಲ್ಲ?"

ಯಾವುದು ಅಂತ ಅವಳು ಕೇಳಲಿಲ್ಲ. ಹಿಂದೆ ಬಾಗಿಲಲ್ಲಿ ತಮ್ಮ ನಿಂತಿದ್ದ, ಅಂಗಳದಲ್ಲಿ ಬೈಕು ಇತ್ತು.

"ಹೇಳಿದ್ನಲ್ಲ. ಅಣೆಕಟ್ಟಿನ ದಾರೀಲಿ ಕೂಗಿದೆ. ಬೆನ್ನು ತಟ್ಟಿದೆ. ನೀವು ನನ್ನ ಕೈ ತಟ್ಟಿ ಇನ್ನೂ ಜೋರಾಗಿ ಹೋದ್ರಿ."

"ಇಳಿದಮೇಲೆ ಹೇಳಬಹುದಿತ್ತಲ್ಲೇ."

ಅವಳು ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿದಳು. "ಕನ್ನಡೀಲಿ ನಿಮ್ಮ ಮುಖ ಕಾಣ್ತಿತ್ತು ರೀ. ನಗ್ತಾ ಇದ್ರಿ, ಮಾತಾಡ್ತಾ ಇದ್ರಿ. ನನಗೆ ಒಂದಕ್ಷರ ಕೇಳಿಸ್ತಿರಲಿಲ್ಲ, ಆದ್ರೆ ತುಟಿ ಅಲ್ಲಾಡೋದು ನೋಡ್ತಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮುಖ ನೋಡೇ ಇರಲಿಲ್ಲ ನಾನು. ಹೇಗೆ ಹೇಳ್ಲಿ?"

ಬಾಗಿಲಲ್ಲಿದ್ದ ಭಾಮೈದ ಕೆಮ್ಮಿ, "ಅಕ್ಕಾ, ಮಂಡಿಗೆ ಲಾರಿ ಬಂದಿರುತ್ತೆ" ಅಂತ ಜಾರಿಕೊಂಡ.

"ಕಿವಿ ಏನಾಯ್ತು?" ಅಂದ ಗಾಜಣ್ಣ.

"ಎಡಗಿವೀಲಿ ಸಿಳ್ಳೆ. ಗುಡ್ಡದಿಂದ ಬಂದಾಗ ಹತ್ತಿದ್ದು ನಿಂತಿಲ್ಲ. ಕಡಿಮೆ ಆಗುತ್ತೆ ಅಂತ ಕಾದೆ."

ಕಿವಿಯ ವೈದ್ಯರು ಅವಳನ್ನು ಸದ್ದಿಲ್ಲದ ಪುಟ್ಟ ಗೂಡಿನಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಕೇಳಿದಾಗ ಕೈ ಎತ್ತಿ ಅಂದರು. ಗಾಜಣ್ಣ ಹೊರಗಿನಿಂದ ಗಾಜಿನ ಕಿಂಡಿಯಲ್ಲಿ ನೋಡುತ್ತಿದ್ದ. ಕೆಲವು ಸಲ ಅವಳ ಕೈ ಬೇಗ ಏಳುತ್ತಿತ್ತು. ಕೆಲವು ಸಲ ವೈದ್ಯರು ಗುಂಡಿ ಒತ್ತಿ ಕಾಯುತ್ತಿದ್ದರು, ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವರ ಮುಖವನ್ನೇ ನೋಡುತ್ತಿದ್ದಳು. ಆ ಕೈ ಏಳಲಿ ಅಂತ ಅವನು ಹಲ್ಲು ಕಚ್ಚಿ ನಿಂತಿದ್ದ.

"ಸಣ್ಣ ಸದ್ದು, ಚೂಪು ಸದ್ದು ಎಡಗಿವಿಗೆ ಕೇಳ್ತಾ ಇಲ್ಲ" ಅಂದರು ವೈದ್ಯರು. "ಸಿಳ್ಳೆ ನಿಂತರೂ ನಿಲ್ಲಬಹುದು, ನಿಲ್ಲದೇನೂ ಇರಬಹುದು. ವಯಸ್ಸಿದೆ, ಮೆಷಿನ್ ಸದ್ದಿದೆ, ಗಾಳಿ ಇದೆ. ಯಾವುದರ ಪಾಲು ಎಷ್ಟು ಅಂತ ಹೇಳೋಕಾಗಲ್ಲ. ಬೈಕ್ ಮೇಲೆ ಹೋದ್ರೆ ಕಿವಿಗೆ ಬೆಣೆ, ಅದೇ ಇಯರ್‌ಪ್ಲಗ್ಗು, ಹಾಕ್ಕೊಳ್ಳಿ. ಜಾಸ್ತಿ ಗಾಳಿ ಬಡಿಸ್ಕೋಬೇಡಿ."

ಪಾಲು ಎಷ್ಟು ಅಂತ ಗೊತ್ತಾಗಿದ್ದರೆ ಗಾಜಣ್ಣ ಅದನ್ನು ಹೊತ್ತುಕೊಳ್ಳುತ್ತಿದ್ದ. ಗೊತ್ತಾಗದ್ದರಿಂದ ಎಲ್ಲವನ್ನೂ ಹೊತ್ತುಕೊಂಡ. ಎರಡು ದಿನ ಬೈಕಿನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಬೈಕನ್ನು ತೊಳೆದು, ಮಾರುವುದಕ್ಕೆಂದು ಹೊರಗೆ ತಳ್ಳಿದ. ಅವಳು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು.

"ಎಲ್ಲಿಗೆ?"

"ಕೊಟ್ಟು ಬರ್ತೀನಿ. ಇದರ ಸಹವಾಸ ಸಾಕು."

"ತರುವಾಗ ನನ್ನನ್ನ ಕೇಳಿದ್ರಾ?"

"ಇಲ್ಲ."

"ಗಾಜು ಹಾಕಿಸುವಾಗ?"

ಅವನು ಹ್ಯಾಂಡಲ್ಲಿನ ಮೇಲಿನ ನೀರು ಒರೆಸತೊಡಗಿದ.

"ಈಗ ಮಾರುವಾಗಲೂ ಕೇಳಲ್ಲ. ನಾನೇನು ಮನೆ ಕಂಬವಾ? ಒಳಗೆ ತಳ್ಳಿ ಗಾಡೀನ!" ಸಿಟ್ಟಿನಲ್ಲಿ ಅವಳ ದನಿ ಬೀದಿಯ ಕೊನೆಯ ತನಕ ಹೋಯಿತು. ತನ್ನ ದನಿ ಎಷ್ಟು ಜೋರು ಅಂತ ಅವಳಿಗೆ ಈಗ ತಿಳಿಯುತ್ತಿರಲಿಲ್ಲ. ಎದುರು ಮನೆಯವರು ಕಿಟಕಿ ತೆರೆದರು. ಅದನ್ನು ಕಂಡು ಅವಳು ದನಿ ತಗ್ಗಿಸಿದಳು. "ಹೋಗ್ತೀನೋ ಬಿಡ್ತೀನೋ ಆಮೇಲಿನ ಮಾತು. ಮೊದಲು ಆ ಅಂಗಡಿಗೆ ಹೋಗಿ, ನನ್ನನ್ನ ಕೂರಿಸಿ ನೋಡಿ."

ಅಂಗಡಿಯವನಿಗೆ ಇವರ ನೆನಪಿತ್ತು. "ನಾ ಅವತ್ತೇ" ಅಂತ ಶುರುಮಾಡಿದವನು ಗಾಜಣ್ಣನ ಮೋರೆ ನೋಡಿ ಮಾತು ನುಂಗಿಕೊಂಡ. ಗಾಳಿ ಎಲ್ಲಿ ಬೀಳುತ್ತೆ ನೋಡೋಣ, ಮೋಟು ದಾರವಿದ್ದರೆ ಕೊಡಿ ಅಂದ. ಅವಳ ಕೈಚೀಲದಲ್ಲಿ ದಾರಕ್ಕೆ ಬರವೇ? ಕೆಂಪು ಉಲ್ಲನ್ನಿನ ತುಂಡುಗಳನ್ನು ಇಬ್ಬರ ಹೆಲ್ಮೆಟ್ಟಿಗೂ ಹೆಗಲಿಗೂ ಟೇಪಿನಲ್ಲಿ ಅಂಟಿಸಿ, ತಾನು ಸ್ಕೂಟರಿನಲ್ಲಿ ಪಕ್ಕಕ್ಕೆ ಬಂದ. ಗೋದಾಮುಗಳ ಹಿಂದಿನ ಖಾಲಿ ರಸ್ತೆ. ಎತ್ತರದ ಗಾಜಿಗೆ ಗಾಜಣ್ಣನ ಮೇಲಿನ ದಾರಗಳು ಸತ್ತಂತೆ ಬಿದ್ದಿದ್ದವು. ಅವಳ ಮೇಲಿನವು ಹುಚ್ಚು ಹಿಡಿದಂತೆ ಕುಣಿದವು. ಅವಳ ಕಿವಿಯೊಳಗೆ ಬೆಣೆಯಿತ್ತು, ಆದರೂ ಕಣ್ಣು ಮುಚ್ಚಿಕೊಂಡಳು. ಗಿಡ್ಡ ಗಾಜು ಹಾಕಿದಾಗ ಅವಳ ದಾರಗಳು ನೆಟ್ಟಗೆ ಹಿಂದಕ್ಕೆ ಮಲಗಿದವು. ಆ ಗಾಳಿಯನ್ನು ಈಗ ಮುಂದೆ ಕೂತವನ ಕತ್ತು, ತಲೆ ತಡೆಯುತ್ತಿದ್ದವು.

"ಇದೇ ಇರಲಿ" ಅಂದ ಗಾಜಣ್ಣ, ಇಳಿಯುವ ಮೊದಲೇ.

"ಕತ್ತು?" ಅಂದಳು ಅವಳು. ವರ್ಷಗಟ್ಟಲೆ ಸ್ಟೀರಿಂಗ್ ಹಿಡಿದು ಅವನ ಕತ್ತಿನ ಮೂಳೆ ಸವೆದಿತ್ತು. ನಿವೃತ್ತಿಯ ಮುಂಚಿನ ಎರಡು ವರ್ಷ ಪಟ್ಟಿ ಕಟ್ಟಿಕೊಂಡೇ ಬಸ್ಸು ಓಡಿಸಿದ್ದ.

"ಹೂವಿನ ಹಾಗಿದೆ. ಏನೂ ಇಲ್ಲ."

"ಇನ್ನೊಂದು ಸುತ್ತು ಹೋಗೋಣ. ದೂರ."

ಅಂಗಡಿಯವನನ್ನು ಬಿಟ್ಟು ಇಬ್ಬರೇ ಹೋದರು. ಹೈವೇ ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಜಣ್ಣನ ಭುಜದಿಂದ ಕಿವಿಯ ಹಿಂದಿನ ತನಕ ಕಾದ ಸರಳು ಎಳೆದಂತಾಯಿತು. ಗಾಳಿ ಹೆಲ್ಮೆಟ್ಟನ್ನು ಹಿಂದಕ್ಕೆ ತಳ್ಳುವುದು, ಇವನು ಮುಂದಕ್ಕೆ ಒತ್ತುವುದು. ನೋವನ್ನು ಮೋರೆಗೆ ತರಬಾರದೆಂದು ಗಟ್ಟಿಯಾಗಿ ಕೂತ. ಕನ್ನಡಿಯಲ್ಲಿ ಅವಳಿಗೆ ಆ ಗಟ್ಟಿತನವೇ ಕಂಡಿತು.

"ನಿಲ್ಸಿ ರೀ! ನಿಲ್ಸಿ ಅಂದೆ!" ಗಾಳಿಯಲ್ಲಿ ಅವನಿಗೆ ಕೇಳಿಸಲಿಲ್ಲ, ಅವಳು ಅಂಗಿ ಹಿಡಿದು ಎಳೆದಳು.

ನಿಲ್ಲಿಸಿದ. ಅವಳು ಇಳಿದು, ಹೆಲ್ಮೆಟ್ ತೆಗೆದು, ಮೈಲಿಗಲ್ಲಿನ ಮೇಲೆ ಕೂತಳು. "ನಿಜ ಹೇಳೋ ತನಕ ನಾನು ಹತ್ತಲ್ಲ."

"ಏನು ನಿಜ?"

"ಕತ್ತು."

"ಸ್ವಲ್ಪ ಹಿಡ್ಕೊಂಡಿದೆ ಅಷ್ಟೇ."

"ಎಷ್ಟು?"

ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು. ಗಾಜಣ್ಣ ಸ್ಟ್ಯಾಂಡು ಹಾಕಿ, ಹೆಲ್ಮೆಟ್ ಬಿಚ್ಚಲು ಕೈ ಎತ್ತಿದ. ಕೈ ಕಿವಿಯ ಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಅವಳೇ ಎದ್ದು ಬಂದು ಬಿಚ್ಚಿದಳು.

"ತುಂಬಾ ನೋಯ್ತಿದೆ ಕಣೇ" ಅಂದ.

"ನನಗೆ ಕಿವಿ ಹೋಯ್ತು, ನಿಮಗೆ ಕತ್ತು ಹೋಗಲಿ ಅಂತಾನಾ? ಹಾಗೆ ಸರಿ ಮಾಡ್ತೀರಾ?"

ಹಾಗೆಯೇ ಅಂದುಕೊಂಡಿದ್ದ. ಆದರೆ ಅವಳ ಬಾಯಿಂದ ಕೇಳಿದಾಗ ಅದು ಬಹಳ ಬೆಪ್ಪು ಮಾತಾಗಿ ಕಂಡಿತು. ಅವನು ರಸ್ತೆ ನೋಡುತ್ತ ನಿಂತ. ಅವಳು ಬೆರಳು ಹಾಕಿ ಅವನ ಕತ್ತಿನ ನರ ಹುಡುಕಿ ಒತ್ತಿದಳು. "ಸಿಳ್ಳೆ ಹೇಗಿದೆ?" ಅಂದ. "ಇದೆ" ಅಂದಳು. ಕತ್ತು ತುಸು ಸಡಿಲಾದ ಮೇಲೆ ನಿಧಾನವಾಗಿ ಅಂಗಡಿಗೆ ವಾಪಸ್ಸು ಹೋದರು.

ಅಂಗಡಿಯವನು ಕೊನೆಗೆ ನಡುವಿನ ಎತ್ತರದ್ದೊಂದನ್ನು ತೆಗೆದು, ಬುಡದಲ್ಲಿ ಅಂಗೈಯಗಲ ಕಿಂಡಿ ಕೊರೆದು ಕೂರಿಸಿದ. ಕೆಳಗಿನಿಂದ ಒಂದಿಷ್ಟು ಗಾಳಿ ಒಳಗೆ ಬಂದರೆ ಮೇಲಿನ ಗಾಳಿ ಸುಳಿ ಸುತ್ತುವುದು ಕಮ್ಮಿಯಾಗುತ್ತೆ ಅಂದ. "ಇದು ಇಬ್ಬರಿಗೂ ಸ್ವಲ್ಪ ಸ್ವಲ್ಪ ಬಡಿಯುತ್ತೆ. ಯಾರಿಗೂ ಬಡಿಯದೇ ಇರೋ ಗಾಜು ನನ್ನ ಹತ್ರ ಇಲ್ಲಮ್ಮಾ. ಗಾಳಿ ಮಾಡೋದು ನಾನಲ್ಲ, ಇವರ ಬಲಗೈ."

ಗಾಜಣ್ಣ ತನ್ನ ಬಲಗೈ ನೋಡಿಕೊಂಡ. ಟೈಮಿಗೆ ಸರಿಯಾಗಿ ಊರು ಮುಟ್ಟಿಸುವುದಕ್ಕೆ ಪಳಗಿದ ಕೈ. ನಿಧಾನ ಅನ್ನುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ, ರಸ್ತೆಯಲ್ಲಿ ಗಾಡಿ ಕಮ್ಮಿ ಇರುವಾಗ ಹೊರಟರು. "ಸಮುದ್ರದ ಮಾತು ಈಗ ಎತ್ತಬೇಡಿ" ಅಂದಿದ್ದಳು ಅವಳು. "ಹೊಳೆ ಸೇತುವೆ ತನಕ ನೋಡೋಣ." ಗಾಜಣ್ಣ ಸೈಕಲ್ಲಿಗಿಂತ ಚೂರು ಜೋರು ಅನ್ನುವ ಹಾಗೆ ಓಡಿಸಿದ. ಹಾಲಿನ ವ್ಯಾನು ದಾಟಿಕೊಂಡು ಹೋಯಿತು. ಸ್ಕೂಟರಿನ ಮುದುಕನೊಬ್ಬ ದಾಟಿ, ತಿರುಗಿ ನೋಡಿ, ನಕ್ಕು ಹೋದ. ಕಡೆಗೆ ಹುಲ್ಲಿನ ಟ್ರ್ಯಾಕ್ಟರು ದಾಟಿ ಮುಖದ ತುಂಬ ಹೊಟ್ಟು ಎರಚಿತು. ಗಾಜಣ್ಣ ಕಿರಿಕಿರಿಯಿಂದ ಆಕ್ಸಿಲರೇಟರ್ ಹಿಡಿದ, ಬಿಟ್ಟ.

"ಹೇಗಿದೆ?" ಅಂದ ತಲೆ ತಿರುಗಿಸಿ.

"ರಸ್ತೆ ನೋಡಿ ರೀ!"

ಆ ವೇಗದಲ್ಲಿ ಅವಳ ಮಾತು ಕೇಳಿಸಿತು. ಹಿಂದಿನ ಸೀಟಿನಿಂದ ಅವಳ ಮಾತು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಅವನ ಕಣ್ಣು ತುಂಬಿತು. ದೂಳಿಗೋ ಏನೋ ಅನ್ನುವಂತೆ ತೋಳಲ್ಲಿ ಒರೆಸಿಕೊಂಡ.

"ಏನಾದ್ರೂ ಹೇಳಿ" ಅಂದಳು ಅವಳು. "ಆಗ ಮೂರು ಸಲಾನೂ ಅಷ್ಟೊಂದು ಹೇಳ್ತಿದ್ರಲ್ಲ, ಏನು ಹೇಳ್ತಿದ್ರಿ?"

ಅವನು ವರನನ್ನು ಬಿಟ್ಟು ಹೋದ ದಿಬ್ಬಣದ ಕತೆ ಶುರುಮಾಡಿದ. ದಿಬ್ಬಣದವರು ಮದುವೆ ಮನೆ ಮುಟ್ಟಿ ವರನೆಲ್ಲಿ ಅಂತ ಒಬ್ಬರ ಮೋರೆ ಒಬ್ಬರು ನೋಡಿಕೊಂಡಲ್ಲಿಗೆ ಬಂದಾಗ ಹಿಂದಿನಿಂದ ನಗು ಬರಲಿಲ್ಲ. ಹೊಳೆಯಂಚಿನ ಮರಗಳು ಆಗಲೇ ಕಾಣುತ್ತಿದ್ದವು. ಸೇತುವೆಗೆ ಇನ್ನೆರಡು ತಿರುವು ಇರಬೇಕು.

"ತಿರುಗಿಸಿ ರೀ" ಅಂದಳು ಅವಳು. "ಸಿಳ್ಳೆ ಜೋರಾಯ್ತು."

ಗಾಜಣ್ಣ ಕನ್ನಡಿ ನೋಡಿ, ಹಿಂದೆ ಗಾಡಿ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಅಲ್ಲೇ, ರಸ್ತೆಯ ನಡುವೆ ಬೈಕನ್ನು ಮನೆಯ ಕಡೆಗೆ ತಿರುಗಿಸಿದ.